ಭಾವ ಹೊಡೆದರೆನ್ನುವ ಹಕ್ಕಿ

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕನ್ನಡದವರು ನಾಲ್ಕು ಮನೆಯವರು ಒಟ್ಟಿಗೆ ಸೇರಿದರೆ ಈ ಕಥೆ ಬಂದೇ ಬರುತ್ತದೆ. ಒಬ್ಬಟ್ಟಿನ ತಟ್ಟೆ ಹಿಡಿದು ನಿಂತವರು ಯಾರೋ ನನ್ನ ಭಾವನ ಹೆಗಲ ಮೇಲೆ ಕೈಹಾಕಿ, ಹೊಸದಾಗಿ ಬೆಂಗಳೂರಿನಿಂದ ಬಂದ ದಂಪತಿಗೆ ಪರಿಚಯ ಮಾಡಿಸುತ್ತಾರೆ. ಇವರು ಇಲ್ಲಿಯ ಕಾಡಿನಲ್ಲಿ ಟರ್ಕಿ ಕೋಳಿ ಹೊಡೆದವರು. ನೂರಾರು ಸ್ವೀಡಿಷ್ ಬೇಟೆಗಾರರು ಬರಿಗೈಯಲ್ಲಿ ವಾಪಸು ಹೋದ ದಿನ ನಮ್ಮವರು ಒಂದೇ ಈಡಿಗೆ ಕೆಡವಿದರು. ಅದನ್ನು ನೋಡಿ ಅಲ್ಲಿದ್ದ ಮುದುಕನೊಬ್ಬ ಟೋಪಿ ತೆಗೆದು ಕೈ ಕುಲುಕಿದ. ದಂಪತಿ ಅಚ್ಚರಿಪಡುತ್ತಾರೆ. ಭಾವ ನೆಲ ನೋಡಿ ನಗುತ್ತಾರೆ.

ಮೊದಲಿಗೆ, ಅದು ಟರ್ಕಿಯಲ್ಲ. ಈ ದೇಶದ ಕಾಡಿನಲ್ಲಿ ಟರ್ಕಿ ಕೋಳಿ ಇಲ್ಲ. ಇರುವುದು ಶೇಡರ್ ಎಂದು ಕರೆಯುವ ಕಾಡುಕೋಳಿ. ಗಂಡಾದರೆ ಮೈಯೆಲ್ಲ ಕಪ್ಪು, ಕಣ್ಣಿನ ಮೇಲೊಂದು ಕೆಂಪು ಗೆರೆ, ಗಾತ್ರ ಮಾತ್ರ ಟರ್ಕಿಯನ್ನು ನೆನಪಿಸುವಷ್ಟು. ಆ ದಿನ ನೂರಾರು ಬೇಟೆಗಾರರೂ ಇರಲಿಲ್ಲ. ಕಾಡು ತುಂಬಿತ್ತು ನಿಜ, ಆದರೆ ತುಂಬಿದವರಲ್ಲಿ ಕೋವಿ ಇದ್ದವರು ಕಡಿಮೆ. ಟೋಪಿಯನ್ನು ಯಾರೂ ತೆಗೆಯಲಿಲ್ಲ. ಇಷ್ಟನ್ನು ಕಳೆದರೆ ಉಳಿಯುವುದು ‘ಹೊಡೆದರು’ ಎಂಬ ಒಂದು ಮಾತು. ಅದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸಾಬೀತಾಗಿಲ್ಲ ಎನ್ನುತ್ತಿದ್ದೇನೆ. ಮೈಸೂರಿನಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಇವೆರಡರ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಕಲಿತವಳು ನಾನು. ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಎತ್ತಿದ ಕಡೆಗೆ ನಿಂತು ಮಾತಾಡುವುದು ನಮ್ಮ ಅಭ್ಯಾಸ. ಭಾವ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದುದು ಅದಕ್ಕೇ, ನಾನು ಇಲ್ಲಿಯ ಓರೆಬ್ರೂ ಊರಿನಲ್ಲಿ ಓದುತ್ತಿದ್ದುದು ಸಾರ್ವಜನಿಕ ಆರೋಗ್ಯವಾದರೂ.

ಎರಡು ಸಾವಿರದ ಆ ದಶಕ ಮುಗಿಯುತ್ತ ಬಂದಿತ್ತು. ಅಕ್ಕ ಭಾವ ಗೋಥೆನ್‌ಬರ್ಗಿನ ಅಂಚಿನ ಟೋರ್ಸ್‌ಲಾಂಡದಲ್ಲಿದ್ದರು. ಭಾವ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ಶರತ್ಕಾಲ ಬಂತೆಂದರೆ ಬೆಳಗಿನ ಫೀಕಾದ, ಅಂದರೆ ಕಾಫಿ ಬಿಡುವಿನ, ಮೇಜಿನಲ್ಲಿ ಬೇಟೆಯ ಹೊರತು ಬೇರೆ ಮಾತಿಲ್ಲ. ಯಾರ ತಂಡಕ್ಕೆ ಎಷ್ಟು ಎಲ್ಕ್ ಜಿಂಕೆ ಸಿಕ್ಕಿತು, ಯಾರ ನಾಯಿ ಕಾಡಿನಲ್ಲಿ ತಪ್ಪಿಸಿಕೊಂಡಿತು. ಭಾವ ಮೊದಲ ವರ್ಷಗಳಲ್ಲಿ ಸುಮ್ಮನೆ ಬನ್ನು ತಿಂದು ಎದ್ದು ಬಂದಿದ್ದರಂತೆ. ಅವರು ಕೊಡಗಿನ ಕಡೆಯವರು. ಚಿಕ್ಕಂದಿನಲ್ಲಿ ಮಾವಂದಿರ ಬೇಟೆಯ ಕಥೆ ಕೇಳಿ ಬೆಳೆದವರು. ಸ್ವೀಡಿಷ್ ಕಲಿತು ಬೇಟೆ ಪರೀಕ್ಷೆ ಪಾಸು ಮಾಡಿದರು, ಪೊಲೀಸರಿಂದ ಪರವಾನಗಿ ಪಡೆದರು, ಹಳೆಯದೊಂದು ಜೋಡುನಳಿಗೆ ಕೋವಿ ಕೊಂಡರು, ಅದನ್ನಿಡಲು ಕಾನೂನಿನಂತೆ ಉಕ್ಕಿನ ಬೀರು ತಂದು ನಡುಮನೆಯಲ್ಲಿ ಗೋಡೆಗೆ ಬಿಗಿಸಿದರು. ಆಮೇಲೆ ಗೊತ್ತಾಯಿತು, ಜಮೀನು ಇದ್ದವರದ್ದು ಅವರವರದೇ ತಂಡ. ಆ ತಂಡಗಳಿಗೆ ಅಪ್ಪನ ಜಾಗಕ್ಕೆ ಮಗ ಬರುತ್ತಾನೆ, ಹೊರಗಿನವರಿಗೆ ಕರೆಯೋಲೆ ಬರುವುದಿಲ್ಲ. ಉಳಿದದ್ದು ಸರ್ಕಾರಿ ಕಾಡು. ದಿನದ ಕಾರ್ಡು ಕೊಂಡರೆ ಯಾರು ಬೇಕಾದರೂ ಹೋಗಬಹುದು. ಹಾಗಾಗಿ ಯಾರು ಬೇಕಾದರೂ ಹೋಗುತ್ತಿದ್ದರು.

ಮೂರು ಶರತ್ಕಾಲ ಹೀಗೆ ಹೋಯಿತು. ಸೋಮವಾರ ಬೆಳಿಗ್ಗೆ ಕಾಫಿ ಮೇಜಿನವರು ಏನಾದರೂ ಸಿಕ್ಕಿತೇ ಎಂದು ಕೇಳುವರು, ಭಾವ ಈ ವಾರ ಇಲ್ಲ ಎನ್ನುವರು. ಮನೆಯಲ್ಲಿ ಅಕ್ಕ ತನ್ನ ಮಾತನ್ನು ಬೇಸಿಗೆಯಲ್ಲೇ ಹೇಳಿ ಮುಗಿಸಿದ್ದಳು. ಮಗಳು ಆಗಷ್ಟೇ ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗತೊಡಗಿದ್ದಳು. ಸಿಕ್ಕ ಬಾಗಿಲನ್ನೆಲ್ಲ ಎಳೆಯುವ ವಯಸ್ಸು.

“ಈ ಸಲಾನೂ ಏನೂ ಸಿಗ್ಲಿಲ್ಲ ಅಂದ್ರೆ ಕೋವಿ ಮಾರ್ಬಿಡಿ. ಮಗು ಓಡಾಡೋ ಮನೇಲಿ ಆ ಬೀರು ನಂಗೆ ಬೇಡ” ಎಂದಿದ್ದಳು. ಭಾವ ಒಪ್ಪಿದ್ದರು. ಅವರು ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯವಾಗಿತ್ತು. ಆಮೇಲೆ ಒಂದೊಂದೇ ವಾರ ಕಳೆದುಹೋಯಿತು: ಮಗುವಿಗೆ ಜ್ವರ, ಕಾರ್ಖಾನೆಯಲ್ಲಿ ಶನಿವಾರದ ಕೆಲಸ, ಮಂಜು. ಅಕ್ಟೋಬರ್ ಮುಗಿಯುವ ಹೊತ್ತಿಗೆ, ಬೇಟೆಯ ಕಾಲ ಮುಗಿಯುವ ಮುನ್ನ, ಅವರಿಗೆ ಬಿಡುವಾಗಿ ಉಳಿದದ್ದು ಒಂದು ಶನಿವಾರ. ಆ ದಿನ ಅವರು ನಡುರಾತ್ರಿಯೇ ಮನೆ ಬಿಟ್ಟು ಓರೆಬ್ರೂವಿಗೆ ಬಂದು ನನ್ನನ್ನೂ ಕರೆದುಕೊಂಡು ಉತ್ತರದ ಕಾಡಿಗೆ ಹೊರಟರು. ಒಬ್ಬರೇ ಹೋಗಬೇಡಿ ಎಂದು ಅಕ್ಕ ಹೇಳಿದ್ದಳಂತೆ.

ದಾರಿಯಲ್ಲಿ ಮಾವಂದಿರ ಕಥೆ ಮತ್ತೆ ಬಂತು. ಅವರ ಕಡೆ, ಬಿದ್ದ ಪ್ರಾಣಿಯನ್ನು ಮೊದಲು ಹೋಗಿ ಮುಟ್ಟಿದವನಿಗೂ ಒಂದು ಪಾಲು ಇರುತ್ತಿತ್ತಂತೆ. ಹೊಡೆದವನ ಪಾಲು ಬೇರೆ, ನಾಯಿಯ ಪಾಲು ಬೇರೆ, ಮುಟ್ಟಿದವನ ಪಾಲು ಬೇರೆ. ಮುಟ್ಟುವುದಕ್ಕಾಗಿ ಮುಳ್ಳಿನಲ್ಲಿ ಬಿದ್ದೆದ್ದು ಓಡುತ್ತಿದ್ದರಂತೆ. ಬೇಟೆ ನಿಷೇಧವಾಗಿ ಎಷ್ಟು ವರ್ಷವಾಯಿತು, ನೀವು ಯಾವಾಗ ಓಡಿದಿರಿ ಎಂದು ನಾನು ಕೇಳಿದೆ.

“ಹಂದಿ ತಾನಾಗೇ ಬಂದು ಗದ್ದೇಲಿ ಸತ್ತಿತ್ತು ಕಣಮ್ಮ. ನಾನು ಮುಟ್ಟಿದೆ ಅಷ್ಟೆ” ಎಂದರು.

ಕಾಡಿನ ಗೇಟಿನ ಬಳಿ ತಲುಪಿದಾಗ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಆಗಲೇ ಮಣ್ಣುರಸ್ತೆಯ ಎರಡೂ ಬದಿ ಕಾರುಗಳು ಸಾಲಾಗಿ ನಿಂತಿದ್ದವು. ನಮ್ಮ ಕಾರಿನ ಒಂದು ಕಡೆಯ ಚಕ್ರಗಳು ಚರಂಡಿಯೊಳಗೆ ಇಳಿದು ನಿಂತವು. ಶೇಡರ್ ಬೆಳಗಿನ ಹೊತ್ತು, ತಿಂದದ್ದನ್ನು ಅರೆಯಲು ಹೊಟ್ಟೆಗೆ ಬೇಕಾದ ಕಲ್ಲಿನ ಹರಳು ಹೆಕ್ಕಲು ಜಲ್ಲಿರಸ್ತೆಗೆ ಬರುತ್ತದೆ. ಅಂಥದೊಂದು ತಿರುವನ್ನು, ಹಿಕ್ಕೆಗಳನ್ನು ನೋಡಿ, ಭಾವ ಹಿಂದಿನ ತಿಂಗಳೇ ಗೊತ್ತುಮಾಡಿಕೊಂಡಿದ್ದರು. ನಾವು ಹೋಗಿ ನೋಡಿದರೆ ಅಲ್ಲಿ ಕಿತ್ತಳೆ ಟೋಪಿಯವನೊಬ್ಬ ಮಡಚುವ ಸ್ಟೂಲು ಹಾಕಿಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ನಮ್ಮನ್ನು ನೋಡಿ ಮರ್ಯಾದೆಯಿಂದ ತಲೆ ಆಡಿಸಿದ. ನಾವೂ ಆಡಿಸಿ ಮುಂದೆ ನಡೆದೆವು.

ಎರಡನೆಯ ಜಾಗದಲ್ಲಿ ಮರಸು ಕೂತೆವು. ಅಂದರೆ ಸೂಜಿಯೆಲೆಯ ಸ್ಪ್ರೂಸ್ ಮರಗಳ ಸಂದಿಯಲ್ಲಿ ಅಲ್ಲಾಡದೆ ಕಾಯುವುದು. ಸ್ವಲ್ಪ ಹೊತ್ತಿಗೆ ಅಣಬೆ ಬುಟ್ಟಿ ಹಿಡಿದ ಗಂಡಹೆಂಡತಿ ಬಂದು, ನಮಗೆ ಹೆಯ್ ಹೆಯ್ ಎಂದು ನಮಸ್ಕಾರ ಹೇಳಿ, ಭಾವನ ಕಾಲ ಬುಡದಲ್ಲಿದ್ದ ಅಣಬೆಯನ್ನೂ ಕೇಳಿ ಕಿತ್ತುಕೊಂಡು ಹೋದರು. ಯಾರದೋ ನಾಯಿ ಬಂದು ನಮ್ಮ ಚೀಲ ಮೂಸಿ ಕಾಲೆತ್ತಿತು. ಬಿಸಿಲು ಏರಿದ ಮೇಲೆ ಮಕ್ಕಳ ದಂಡೊಂದು ನಕ್ಷೆ, ದಿಕ್ಸೂಚಿ ಹಿಡಿದು ಓಡುತ್ತ ಬಂತು. ಕ್ಲಬ್ಬಿನವರ ಸ್ಪರ್ಧೆಯಂತೆ, ಮರಮರಕ್ಕೆ ಸಣ್ಣ ಬಾವುಟ ಕಟ್ಟಿದ್ದರು. ಒಬ್ಬ ಹುಡುಗಿ ನಿಂತು, ನಕ್ಷೆಯಲ್ಲಿ ತಾನೆಲ್ಲಿದ್ದೇನೆ ಎಂದು ಭಾವನನ್ನೇ ಕೇಳಿದಳು. ಅವರು ಕೋವಿಯ ತೋಟಾ ತೆಗೆದು ಕೆಳಗಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ತೋರಿಸಿಕೊಟ್ಟರು. ದೂರದಲ್ಲಿ ಎಲ್ಲೋ ಈಡಿನ ಸದ್ದು. ಬೇರೆ ಯಾರಿಗೋ ಏನೋ ಸಿಕ್ಕಿತ್ತು, ಅಥವಾ ಸಿಕ್ಕಿರಲಿಲ್ಲ.

“ಒಂದು ಹಕ್ಕಿ ಬರೋಕೆ ಜಾಗ ಬೇಡ್ವಾ? ಮಾರ್ಕೆಟ್ ಥರ ಇದೆಯಲ್ಲ” ಎಂದರು ಭಾವ, ಪಿಸುಮಾತಿನಲ್ಲಿ.

“ಎಲ್ರ ಕಾಡು ಅಂದ್ಮೇಲೆ ಎಲ್ರೂ ಬರ್ತಾರೆ ಭಾವ. ನಾವೂ ಅದೇ ಎಲ್ರಲ್ಲಿ ಇಬ್ರು.”

“ಲಾಯರಮ್ಮ, ನೀನು ಯಾರ ಪರ?”

“ಇನ್ನೂ ಚೀಟಿ ಎತ್ತಿಲ್ಲ.”

ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ. ಬೆರಳು, ಮೂಗು, ಪಾದ ಎಲ್ಲ ಮರಗಟ್ಟಿದ್ದವು, ಮಾತೂ ಹಾಗೇ ಬರುತ್ತಿತ್ತು. ಮಧ್ಯಾಹ್ನ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು. ಅದರ ರುಚಿ ನೆನಪಿಲ್ಲ, ತಣ್ಣಗಿತ್ತು ಎಂಬುದು ನೆನಪಿದೆ. ಬೇಸರವಾಯಿತೇ ಎಂದರೆ ಬೇಸರ ಅನ್ನುವಷ್ಟೂ ಏನೂ ಇರಲಿಲ್ಲ. ಭಾವ ಆಗಾಗ ಕೋವಿಯ ಮರದ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಕೊಳ್ಳಲು ಒಬ್ಬ ಸಹೋದ್ಯೋಗಿ ಸಿದ್ಧನಿದ್ದಾನೆ ಎಂದು ಒಮ್ಮೆ ಹೇಳಿದರು. ನಾನು ಹೌದಾ ಎಂದೆ.

ಬಿಸಿಲು ವಾಲಿದ ಮೇಲೆ ಜನ ಕರಗಿದರು. ಭಾವ ಕೊನೆಯ ಸಲ ಒಂದು ಸುತ್ತು ಬರುತ್ತೇನೆಂದು ಎದ್ದರು. ನನಗೆ ಒಂದು ಮರದ ಬೊಡ್ಡೆ ತೋರಿಸಿ ಅಲ್ಲಿಂದ ಕದಲಬೇಡ ಎಂದರು. ಅವರು ಸ್ಪ್ರೂಸ್ ಮರಗಳ ಆಚೆ ಹೋದ ಮೇಲೆ ನನಗೆ ಕಾಣಿಸಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು: ಕಾಣಿಸಲಿಲ್ಲ. ಆಮೇಲೆ ದೊಡ್ಡದಾಗಿ ರೆಕ್ಕೆ ಬಡಿದ ಸದ್ದು, ಹಿಂದೆಯೇ ಈಡಿನ ಸದ್ದು. ನನ್ನ ಕಿವಿಗೆ ಬಿದ್ದದ್ದು ಒಂದು. ತಮ್ಮ ಕೋವಿಯೂ ಇನ್ನೊಬ್ಬನದೂ ಒಟ್ಟಿಗೇ ಹಾರಿದವು, ಅದಕ್ಕೇ ಒಂದೆನಿಸಿತು ಎಂದು ಭಾವ ಆಮೇಲೆ ಹೇಳಿದರು. ಆಗಬಹುದು. ಕಾಡಿನಲ್ಲಿ ಸದ್ದು ಹೇಗೆ ಬೆರೆಯುತ್ತದೆ ಎಂದು ನಾನೇನು ಬಲ್ಲೆ.

ಭಾರವಾದದ್ದೇನೋ ಕೊಂಬೆ ಮುರಿದುಕೊಂಡು ಬಿತ್ತು. ಭಾವ ಓಡುತ್ತಿರುವುದು ಕೇಳಿಸಿತು. ಕದಲಬೇಡ ಎಂದಿದ್ದರೂ ನಾನು ಎದ್ದು ಹೋದೆ. ಸಣ್ಣ ಬಯಲು, ನಡುವೆ ಹಾವಸೆಯ ಮೇಲೆ ಹಕ್ಕಿ ಬಿದ್ದಿತ್ತು. ಭಾವ ನನಗೆ ಬೆನ್ನು ಹಾಕಿ ಮಂಡಿಯೂರಿದ್ದರು. ಬಲಗೈ ಹಕ್ಕಿಯ ಎದೆಯ ಮೇಲೆ, ಕೋವಿ ಬಾಯ್ದೆರೆದು ಎಡತೋಳಿನ ಮೇಲೆ. ಇಲ್ಲಿ ಬೇಟೆಗಾರರು ಒಬ್ಬರಿಗೊಬ್ಬರು ಎದುರಾದರೆ ಮೊದಲು ಕೋವಿಯನ್ನು ಬಿಚ್ಚಿ ಮಡಚಬೇಕು. ಒಳಗೇನಿದೆ ಎಂದು ಎದುರಿಗಿರುವವರಿಗೆ ಕಾಣಬೇಕು. ಪರೀಕ್ಷೆಗೆ ಓದುವಾಗ ಭಾವ ನನಗೂ ಇದನ್ನು ಹೇಳಿಕೊಟ್ಟಿದ್ದರು. ಹಾರಿಸದ ತೋಟಾದ ಹಿಂಬದಿ ನುಣ್ಣಗಿರುತ್ತದೆ, ಹಾರಿಸಿದ್ದರಲ್ಲಿ ಒಂದು ಗುಳಿ ಬಿದ್ದಿರುತ್ತದೆ.

ಅವರು ಕೋವಿ ಮಡಚಿದ್ದು, ಎದುರಿನಿಂದ ಒಬ್ಬ ಮುದುಕ ಬರುತ್ತಿದ್ದನೆಂದು. ಅವನದೂ ಮಡಚಿದ ಕೋವಿ. ಜೊತೆಗೊಂದು ಮರಿನಾಯಿ, ಹಗ್ಗ ಎಳೆಯುತ್ತಿತ್ತು. ಮುದುಕ ಹಕ್ಕಿಯನ್ನು ನೋಡಿದ. ಭಾವನ ಕೈಯನ್ನು ನೋಡಿದ. ಆಮೇಲೆ ಸ್ವಲ್ಪ ಬಗ್ಗಿ, ಬಾಯ್ದೆರೆದ ಕೋವಿಯ ಒಳಗೆ ನೋಡಿದ. ಅವಸರವೇನೂ ಮಾಡಲಿಲ್ಲ.

ಕೊಡಗಿನಲ್ಲಾಗಿದ್ದರೆ ಆ ಕೈಗೆ ಒಂದು ಅರ್ಥವಿತ್ತು: ಹಕ್ಕಿ ನಿನ್ನದು, ಮೊದಲು ಬಂದವನು ನಾನು, ನನಗೊಂದು ಪಾಲು. ಈ ಕಾಡಿನಲ್ಲಿ ಅದಕ್ಕಿದ್ದದ್ದು ಬೇರೆ ಅರ್ಥ: ಇದು ನನ್ನದು. ಭಾವ ಯಾವ ಅರ್ಥದಲ್ಲಿ ಕೈ ಇಟ್ಟಿದ್ದರೋ, ಮುದುಕ ಯಾವ ಅರ್ಥದಲ್ಲಿ ತೆಗೆದುಕೊಂಡನೋ. ಎರಡೂ ಕಡೆಗೆ ನಾನು ವಾದ ಮಾಡಬಲ್ಲೆ. ಭಾವನ ಸ್ವೀಡಿಷ್ ಚೆನ್ನಾಗಿಯೇ ಇತ್ತು. ನಾನು ಹೊಡೆದೆ ಎಂದೋ, ನೀವು ಹೊಡೆದಿರಿ ಎಂದೋ ಹೇಳಲು ಪದ ಹುಡುಕಬೇಕಾಗಿರಲಿಲ್ಲ. ಅವರು ಏನೂ ಹೇಳಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

“ತಗೊಳ್ಳಿ. ನನಗೆ ಇವತ್ತಿಗೆ ಸಾಕು” ಎಂದ ಮುದುಕ, ಸ್ವೀಡಿಷಿನಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರೀತಿಯೂ ಇರಲಿಲ್ಲ. ನಾಯಿಯನ್ನು ಎಳೆದುಕೊಂಡು ಬಂದ ದಾರಿಯಲ್ಲೇ ಹೋದ. ಭಾವ ಎರಡೂ ನಳಿಗೆಯಿಂದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ಹಿಂದೆ ನಿಂತಿದ್ದೆ. ತೆಗೆದದ್ದು ಕಂಡಿತು, ಗುಳಿ ಬಿದ್ದದ್ದೋ ನುಣ್ಣಗಿದ್ದದ್ದೋ ಕಾಣಲಿಲ್ಲ.

ಮುದುಕ ಬಿಟ್ಟುಕೊಟ್ಟದ್ದೇ ಸಾಕ್ಷಿ ಎಂದು ಯಾರಾದರೂ ಹೇಳಬಹುದು. ಗುಳಿ ಕಂಡಿತು, ಒಪ್ಪಿಕೊಂಡ. ಇರಬಹುದು. ನುಣ್ಣಗಿದ್ದದ್ದನ್ನೇ ಕಂಡು, ಬೆಳಗಿನಿಂದ ಅಷ್ಟು ಜನರನ್ನು ಸಹಿಸಿದ ಮೇಲೆ ಇನ್ನೊಂದು ಜಗಳ ಯಾರಿಗೆ ಬೇಕು ಎಂದುಕೊಂಡಿರಲೂಬಹುದು. ಈ ದೇಶದಲ್ಲಿ ಜನ ಜಗಳ ತಪ್ಪಿಸಲು ಇದಕ್ಕಿಂತ ದೊಡ್ಡದನ್ನೂ ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದೇನೆ.

ಕಾರಿನಲ್ಲಿ ಟೋರ್ಸ್‌ಲಾಂಡದವರೆಗೆ ಭಾವ ಹಕ್ಕಿಯ ತೂಕದ ಬಗ್ಗೆ, ಹವೆಯ ಬಗ್ಗೆ ಮಾತಾಡಿದರು. ಅಕ್ಕನಿಗೆ ಫೋನ್ ಮಾಡಿ, ಸಿಕ್ತು ಎಂದರು. ಅವರು ಹೇಳಿದ್ದು ಅಷ್ಟೇ. ಹೊಡೆದೆ ಎಂಬುದನ್ನು ಸೇರಿಸಿದ್ದು ಅಕ್ಕ, ಪಕ್ಕದ ಮನೆಯ ಕನ್ನಡದವರಿಗೆ ತಿಳಿಸುವಾಗ. ಉಳಿದದ್ದನ್ನು ಪಕ್ಕದ ಮನೆಯವರು ಸೇರಿಸಿದರು. ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಹಳೆಯ ಪತ್ರಿಕೆ ಹಾಸಿ ಪುಕ್ಕ ತರಿಯುತ್ತ ಕೂತೆವು. ಭಾವ ಒಂದು ಬಾಲದ ಗರಿಯನ್ನು ಕಾಫಿ ಮೇಜಿಗೆಂದು ಬೇರೆ ತೆಗೆದಿಟ್ಟಿದ್ದರು. ನಾಳೆ ಸೋಮವಾರ. ಮೇಲಿನಿಂದ ಅಕ್ಕ, ಕಾಳುಮೆಣಸು ಹಾಕ್ಲಾ ತೆಂಗಿನಕಾಯಿ ರುಬ್ಬಲಾ ಎಂದು ಕೇಳಿದಳು. ಭಾವ ಮೆಣಸು ಎಂದರು. ಬೀರು ಇದ್ದಲ್ಲೇ ಇರಲಿ, ಬೇಕಿದ್ದರೆ ಇನ್ನೊಂದು ಬೀಗ ಹಾಕಿಸಿ ಎಂದು ಅವಳು ತಿಂಡಿಯ ಹೊತ್ತಿಗೇ ಒಪ್ಪಿಬಿಟ್ಟಿದ್ದಳು.

ಗ್ಯಾರೇಜಿನಲ್ಲಿ ನಾವಿಬ್ಬರೇ. ಪುಕ್ಕ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ನನಗೆ ಕೋಪವಿರಲಿಲ್ಲ, ಯಾರನ್ನೂ ಸಿಕ್ಕಿಸಿಹಾಕುವ ಆಸೆಯೂ ಇರಲಿಲ್ಲ. ಹವೆ ಹೇಗಿದೆ ಎಂದು ಕೇಳುವ ದನಿಯಲ್ಲೇ ಕೇಳಿದೆ.

“ಭಾವ, ಆ ಮುದುಕ ಬಗ್ಗಿ ನಿಮ್ಮ ಕೋವಿ ಒಳಗೆ ನೋಡಿದ್ನಲ್ಲ, ಅವನಿಗೆ ಏನು ಕಾಣಿಸ್ತು?”