ಮೂವತ್ತರ ಒಳಗಿನ ಸಕ್ಕರೆ ಕಾಯಿಲೆ

ಆ ಶಿಬಿರ ಮಳೆಗಾಲದಲ್ಲಿ ನಡೆಯಿತೆಂದು ನಾನು ಹೇಳುತ್ತ ಬಂದಿದ್ದೇನೆ. ಅಕ್ಕ, ಅಲ್ಲ, ಬೇಸಿಗೆ ಎನ್ನುತ್ತಾಳೆ. ಅವಳದೇ ಸರಿ ಇರಬಹುದು. ನನ್ನ ನೆನಪನ್ನು ನಾನು ಪೂರಾ ನಂಬುವುದಿಲ್ಲ.

ಬನಹಟ್ಟಿಯಲ್ಲಿ ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಉಚಿತ ತಪಾಸಣೆ ಇತ್ತು. ಅಕ್ಕನ ಅತ್ತೆಯನ್ನೂ ಅಕ್ಕನ ಮಗಳನ್ನೂ ನಾನೇ ಕರೆದುಕೊಂಡು ಹೋದೆ. ಕಾಯಿಲೆ ಇಬ್ಬರಿಗೂ ಇತ್ತು. ಅಜ್ಜಿಯದು ವಯಸ್ಸಾದ ಮೇಲೆ ಬಂದದ್ದು, ಗುಳಿಗೆಯಲ್ಲಿ ಹಿಡಿತಕ್ಕೆ ಬರುವಂಥದ್ದು. ಹುಡುಗಿಗೆ ಸಣ್ಣವಳಿದ್ದಾಗಿನಿಂದ. ಅವಳ ದೇಹ ಇನ್ಸುಲಿನ್ ಮಾಡುವುದನ್ನೇ ಬಿಟ್ಟಿತ್ತು. ದಿನಾಲು ಚುಚ್ಚಿಕೊಂಡರಷ್ಟೇ ಬದುಕು.

ಅಜ್ಜಿಯ ಬೆರಳು ಚುಚ್ಚಿ ನೋಡಿ ತಿಂಗಳ ಗುಳಿಗೆ ಕೊಟ್ಟರು. ಹುಡುಗಿಯ ಸರದಿ ಬಂದಾಗ ನರ್ಸ್ ವಯಸ್ಸು ಕೇಳಿದಳು. ಇಪ್ಪತ್ತು.

“ಇದು ಮೂವತ್ತು ದಾಟಿದವ್ರಿಗೆ, ತಂಗಿ. ಇನ್ಸುಲಿನ್ ನಮ್ಮ ಕಡಿ ಇರೂದಿಲ್ಲ. ಜಮಖಂಡಿಗೆ ಹೋಗಿ ಕೇಳ್ರಿ.”

“ಹಂಗಾದ್ರ ಹತ್ತು ವರ್ಷ ಬಿಟ್ಟು ಬರ್ತೇನ್ರಿ ಅಕ್ಕಾರ, ನಂಬರ್ ಹಚ್ಚಿಡ್ರಿ.”

ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕಿರಬೇಕು.

ಜಮಖಂಡಿಯ ಸರಕಾರಿ ದವಾಖಾನೆಯಲ್ಲಿ ಇನ್ಸುಲಿನ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇಲ್ಲದಾಗ ಔಷಧಿ ಅಂಗಡಿಯೇ ಗತಿ. ಆ ದಿನಗಳಲ್ಲಿ ಕೆಲಸವಿಲ್ಲದೆ ಭಾವನ ಮಗ್ಗಗಳು ನಿಂತಿದ್ದವು. ಹುಡುಗಿ ಯಾರಿಗೂ ಹೇಳದೆ ಚುಚ್ಚಿಕೊಳ್ಳುವ ಪ್ರಮಾಣ ಇಳಿಸುತ್ತ ಬಂದಿದ್ದಳು. ಅಜ್ಜಿಗೆ ಮಾತ್ರ ಗೊತ್ತಾಗಿತ್ತು.

“ಲೇ ಹುಡುಗಿ, ನನಗೂ ಸಕ್ರಿ ಐತಿ, ನಿನಗೂ ಐತಿ. ಆ ಸೂಜಿ ಬಿಡು, ಇದನ್ನ ನುಂಗು. ನಾ ಒಂದ್ಹೊತ್ತು ಬಿಟ್ರ ಸಾಯಂಗಿಲ್ಲ.”

“ನಿನ್ನ ಗುಳಿಗಿ ಮುದುಕ್ಯಾರಿಗೆ ಬೇ, ಆಯಿ.”

ಈ ಮಾತು ನಾನು ಕಿವಿಯಾರೆ ಕೇಳಿದ್ದೋ, ಅಜ್ಜಿ ಆಮೇಲೆ ಅಳುತ್ತ ಹೇಳಿದ್ದೋ, ಈಗ ಬೇರ್ಪಡಿಸಲಾರೆ. ಹುಡುಗಿ ಗುಳಿಗೆ ನುಂಗಿದಳೋ, ಮುದುಕಿಯ ಸಮಾಧಾನಕ್ಕೆ ಬಾಯಲ್ಲಿಟ್ಟುಕೊಂಡು ಹಿತ್ತಲಲ್ಲಿ ಉಗುಳಿದಳೋ, ಅದೂ ಗೊತ್ತಿಲ್ಲ.

ಒಂದು ಬೆಳಿಗ್ಗೆ ವಾಂತಿ ಶುರುವಾಯಿತು. ಓಡಿ ಬಂದವರ ಹಾಗೆ ಏದುಸಿರು ಬಿಡತೊಡಗಿದಳು. ಕಾರು ಮಾಡಿಕೊಂಡು ಬಾಗಲಕೋಟೆಗೆ ಹೊರಟೆವು. ಮುಧೋಳದಲ್ಲಿ ನೀರು ಕೇಳಿದಳು. ಲೋಕಾಪುರ ಬರುವಷ್ಟರಲ್ಲಿ ಅಕ್ಕ ಎಷ್ಟು ಕೂಗಿದರೂ ಓಗೊಡಲಿಲ್ಲ. ದವಾಖಾನೆಗೆ ಸೇರಿಸಿದ ಮರುದಿನ ತೀರಿಕೊಂಡಳು.

ಅಜ್ಜಿ ಈಗ ತನ್ನ ಗುಳಿಗೆಯನ್ನೂ ಮುಟ್ಟುವುದಿಲ್ಲ. ಮೊನ್ನೆ ಮತ್ತೆ ಶಿಬಿರ ಬಂತು. ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಕರೆದರೂ ಏಳಲಿಲ್ಲ. “ಜಮಖಂಡಿಗೆ ಕಳಿಸಿದ್ರ ಔಷಧ ಸಿಗ್ತಿತ್ತು. ಗುಳಿಗಿ ಕೊಟ್ಟು ನಾನ ಅಡ್ಡ ಬಂದೆ,” ಅನ್ನುವುದೊಂದೇ ಮಾತು. ಅಲ್ಲ ಎಂದು ನಾವು ಯಾರು ಹೇಳಿದರೂ ಕೇಳುವುದಿಲ್ಲ.

ಅದಕ್ಕೇ ನಾನು ಜಮಖಂಡಿ ದವಾಖಾನೆಗೆ ಹೋಗಿ, ಔಷಧ ಕೊಡುವವರನ್ನು ಕೇಳಿದೆ. ಒಬ್ಬರ ಮಾತು ಸಾಲದೆಂದು ಇನ್ನೊಬ್ಬರನ್ನೂ ಕೇಳಿದೆ. ಇಬ್ಬರೂ ಅದನ್ನೇ ಹೇಳಿದರು: ಅವಳು ತೀರಿಕೊಂಡ ವಾರವಾಗಲಿ, ಅದರ ಹಿಂದಿನ ವಾರವಾಗಲಿ ಅಲ್ಲಿಗೆ ಇನ್ಸುಲಿನ್ ಬಂದೇ ಇರಲಿಲ್ಲ. ಗುಳಿಗೆ ಬಂದಿದ್ದವು.