ಗೋಗ್ರಾಸಕ್ಕೆ ಬಂದ ಕಡವೆ

ಇಲ್ಲಿನ ಹ್ಯಾರಿಸ್ ಪಾರ್ಕ್‌ನ ಇಂಡಿಯನ್ ಅಂಗಡಿಯಲ್ಲಿ ನಿಂತು ಬೆಲ್ಲ ಮೂಸುತ್ತಿದ್ದೆ. ನಗಬೇಡಿ. ಮೂಸದೆ ಬೆಲ್ಲ ಕೊಳ್ಳಬಾರದೆಂದು ಕಲಿಸಿದವರು ಧಾರವಾಡದ ನನ್ನ ಅತ್ತೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಅತ್ತೆಯೂ ಒಂದು ಕಡವೆಯೂ ಒಟ್ಟಿಗೇ ನೆನಪಾದರು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆದೆನೆಂದು ಅತ್ತೆಗೆ ಮಾತ್ರ ಹೇಳಬೇಡಿ.

ಆಗ ನಾವು ಮೆಲ್ಬರ್ನ್‌ನಲ್ಲಿದ್ದೆವು. ನಮ್ಮ ಕನ್ನಡದವರೆಲ್ಲ ಊರಿನ ಪಶ್ಚಿಮದ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದರೆ, ಗಿಡಮರದ ಹುಚ್ಚಿನ ನನ್ನ ಗಂಡ ಊರಿನ ಪೂರ್ವದ ಅಂಚಿನಲ್ಲಿ, ಕಾಡಿಗೆ ಅಂಟಿಕೊಂಡ ಮನೆ ಹಿಡಿದಿದ್ದರು. ಕರಿಬೇವು ಬೇಕಾದರೂ ಫ್ರೀವೇ ಹತ್ತಬೇಕು. ಅಲ್ಲಿಗೆ ಅತ್ತೆ ಆರು ತಿಂಗಳಿಗೆಂದು ಬಂದರು. ವಾರದೊಳಗೆ ಅಡುಗೆಮನೆ ಅವರ ವಶವಾಯಿತು. ಕೈಗೆಟಕುವ ಶೆಲ್ಫಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಪುಡಿ ವಿರಾಜಮಾನವಾದವು. ನನ್ನ ಮೈಸೂರಿನ ಸಾರಿನ ಪುಡಿ ಸೂರಿನ ಹತ್ತಿರಕ್ಕೆ ಗಡೀಪಾರಾಯಿತು. ನಾನು ಹಲ್ಲು ಕಚ್ಚಿಕೊಂಡು ಸ್ಟೂಲು ಹತ್ತುತ್ತಿದ್ದೆ.

ಅವರಿಗೂ ಒಂದು ಸಂಕಟವಿತ್ತು ಅನ್ನಿ. ಊರಿನಲ್ಲಿ ದಿನಾ ಬೆಳಿಗ್ಗೆ ಗೇಟಿಗೆ ಬರುವ ಆಕಳಿಗೆ ಮೊದಲ ಚಪಾತಿ, ಮೇಲೊಂದು ಚೂರು ಬೆಲ್ಲ. ಆ ಗೋಗ್ರಾಸ ಆದಮೇಲೇ ಅವರ ಊಟ. ಇಲ್ಲಿ ಆಕಳನ್ನು ಎಲ್ಲಿಂದ ತರಲಿ? ಅತ್ತೆ ಉಣ್ಣುತ್ತಿದ್ದರು, ಆದರೆ ಕದ್ದು ಉಣ್ಣುವವರ ಮುಖ ಮಾಡಿಕೊಂಡು.

ಒಂದು ಬೆಳಿಗ್ಗೆ ಹಿತ್ತಲಿನ ಬೇಲಿಯ ಬಳಿ ಚುಕ್ಕೆಯ ಜಿಂಕೆಯೊಂದು ಬಂದು ನಿಂತಿತು. ಅತ್ತೆ ಹಿಂದೆಮುಂದೆ ನೋಡಲಿಲ್ಲ. ಚಪಾತಿ ಸಂದಾಯವಾಯಿತು. ಆ ದಿನ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಹೀಗೆ ಸುಖವಾಗಿರುವಾಗ ಕಡವೆ ಬಂತು. ಎಮ್ಮೆಯಷ್ಟು ಎತ್ತರ, ತಲೆಯ ಮೇಲೆ ಕೊಂಬಿನ ಪೊದೆ. ಅದರ ಪೂರ್ವಜರನ್ನು ಇಂಗ್ಲಿಷರು ಬೇಟೆಗೆಂದು ಇಂಡಿಯಾ ಕಡೆಯಿಂದ ತಂದು ಬಿಟ್ಟದ್ದೆಂದು ಪಕ್ಕದ ಮನೆಯ ಕೆವಿನ್ ತಿಳಿಸಿದ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ನಮ್ಮ ಕಡೀದೇನು? ಅದಕ್ಕ ಮುಖದಾಗ ಅಷ್ಟು ಕಳಾ ಅದ" ಎಂದರು ಅತ್ತೆ.

ಕಳೆ ಇತ್ತೋ ಇಲ್ಲವೋ, ಹಸಿವಂತೂ ಇತ್ತು. ಚಪಾತಿಯೆಲ್ಲ ಅದರದೇ. ಜಿಂಕೆ ನಾಲ್ಕು ದಿನ ದೂರ ನಿಂತು ನೋಡಿತು, ಆಮೇಲೆ ಬರುವುದನ್ನೇ ಬಿಟ್ಟಿತು. ಅತ್ತೆಗೆ ಸಿಟ್ಟು ಬಂತು.

"ಮೊದಲ ಬಂದಾಕಿ ಆಕಿ. ಇದು ಹಿಂದಿಂದ ಬಂದು ಆಕೀನ್ನ ಹೊರಗ ಹಾಕಿದರ ಹೆಂಗ?"

ನಾನಾಗ ಸಾರಿನ ಪುಡಿಗಾಗಿ ಸ್ಟೂಲಿನ ತುದಿಯಲ್ಲಿ ತೂಗಾಡುತ್ತಿದ್ದೆ. ಹೌದು ಅತ್ತೆ, ಬಹಳ ಅನ್ಯಾಯ ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಶೆಲ್ಫನ್ನು ನೋಡಿ ಲಟ್ಟಣಿಗೆ ಎತ್ತಿಕೊಂಡರು.

ಅಷ್ಟರಲ್ಲಿ ಕೆವಿನ್ ಸಂಕೋಚಪಡುತ್ತ ಬಂದ. ಹಳ್ಳದ ದಡದಲ್ಲಿ ತಾನು ನೆಟ್ಟ ಸಸಿಗಳ ತೊಗಟೆಯನ್ನೆಲ್ಲ ಕಡವೆ ಸುಲಿದಿದೆ, ಮೊದಲು ಬರುತ್ತಿದ್ದ, ಇಲ್ಲಿನವೇ ಆದ ಚಿಕ್ಕ ಕಾಂಗರೂಗಳಂಥ ವಾಲಬಿಗಳು ಕಾಣುತ್ತಿಲ್ಲ, ದಯವಿಟ್ಟು ತಿನ್ನಲು ಹಾಕಬೇಡಿ ಎಂದ. ಆ ಚುಕ್ಕೆಯ ಜಿಂಕೆಯೂ ಹೊರಗಿನಿಂದ ತಂದದ್ದೇ ಅಂತೆ. ಇದನ್ನು ಅತ್ತೆಗೆ ಹೇಗೆ ಹೇಳುವುದು? ಗೋಗ್ರಾಸ ನಿಂತರೆ ಅವರಿಗೆ ಮತ್ತೆ ಅನ್ನ ಸೇರುವುದಿಲ್ಲ. ಹೇಳಿದೆ. ಅವರು ಬೆಲ್ಲದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಟ್ಟರು. ಅದನ್ನು ನೋಡಿಯೇ ನನಗೆ ಭಯವಾದದ್ದು.

ಮರುದಿನ ಬೆಳಿಗ್ಗೆ ಅತ್ತೆ ಚಪಾತಿ ಹಿಡಿದು ಹಿತ್ತಲ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಕಡವೆ ಬೇಲಿಯಾಚೆ ಕಾಯುತ್ತಿತ್ತು. ಆಮೇಲೆ ಬಾಗಿಲು ಹಾಕಿ ಒಳಗೆ ಬಂದವರೇ, ಎಂದಿನಂತೆ ಖಾಲಿ ಹೊಟ್ಟೆಯಲ್ಲಿ ಟ್ರೇನಿಗೆ ಓಡಲು ಹೊರಟಿದ್ದ ನನ್ನನ್ನು ಕೂಡಿಸಿ, ಆ ಚಪಾತಿಯನ್ನು ನನ್ನ ತಟ್ಟೆಗೆ ಹಾಕಿದರು. ತುಪ್ಪ, ಬೆಲ್ಲ ಸಮೇತ.

"ನಾನೇನು ಆಕಳಾ ಅತ್ತೆ?"

"ಆಕಳ ಆದ್ರೂ ಮುಂಜಾನೆ ಬಾಗಿಲಿಗೆ ಬಂದು ನಿಂದರ್ತದ. ನೀ ಅಷ್ಟೂ ನಿಂದರೂದಿಲ್ಲ. ತಿನ್ನು, ಆಮ್ಯಾಲೆ ನಾ ಉಣತೀನಿ."

ಟ್ರೇನು ತಪ್ಪಿತು. ನನಗೆ ಅಳು ಬರುವಷ್ಟು ಖುಷಿಯಾಯಿತು. ನನ್ನ ಸಾರಿನ ಪುಡಿಯನ್ನು ಮಾತ್ರ ಅವರು ಕೆಳಗಿಳಿಸಲಿಲ್ಲ.

ಈಗ ನಾವು ಮೆಲ್ಬರ್ನ್ ಬಿಟ್ಟು ಬೇರೆ ಊರಿಗೆ ಬಂದು, ಎಪ್ಪಿಂಗ್‌ನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಜಿಂಕೆಯಿಲ್ಲ, ಕಡವೆಯಿಲ್ಲ, ಅಡುಗೆಮನೆ ಪೂರ್ತಿ ನನ್ನದೇ. ಶನಿವಾರ ಅತ್ತೆ ಬರುತ್ತಿದ್ದಾರೆ. ಬೆಲ್ಲ ತಂದಿಟ್ಟು, ಸಾರಿನ ಪುಡಿಯನ್ನು ಮೇಲೇರಿಸಿ, ಕೈಗೆಟಕುವ ಶೆಲ್ಫನ್ನು ನಾನೇ ಖಾಲಿ ಮಾಡಿದೆ. ಯುದ್ಧಕ್ಕೆ ಮೊದಲೇ ಶರಣಾಗತಿಯೇ ಎಂದು ಗಂಡ ಕೇಳಿದರು. ಭಾನುವಾರ ಬೆಳಿಗ್ಗೆ ಮೊದಲ ಚಪಾತಿಯನ್ನು ಅತ್ತೆಯ ತಟ್ಟೆಗೆ ಹಾಕುವವಳು ನಾನು. ನೀ ತಿನ್ನು ಮೊದಲು ಅನ್ನುತ್ತಾರೆ. ಜಗಳವಾಗುತ್ತದೆ. ಆಗಲಿ, ಸ್ಟೂಲು ಸಿದ್ಧವಿದೆ.