ದೇವರ ಮನೆಯ ಕಂಪ್ಯೂಟರನ್ನು ಕದಲಿಸಿದ್ದು

ಹೋದ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಾನು ಕಂಪ್ಯೂಟರಿಗೆ ಮಂಗಳಾರತಿ ಮಾಡಿದೆ.

ಹಣ್ಣು ಕಾಯಿ ಇಟ್ಟೆ. ಅಕ್ಷತೆ ಹಾಕಿದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಒಂದು ಚೂರು ಉತ್ತರಕ್ಕೆ ಸರಿಸಿ, ‘ತಾಯಿ, ಪೂಜೆ ಮುಗೀತು, ಇನ್ನು ಏಳಮ್ಮ’ ಅಂದೆ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು, ‘ಅದು ಏಳ್ಬೇಕಾದ್ರೆ ಪ್ಲಗ್ ಹಾಕ್ಬೇಕು ಕಣೇ’ ಅಂದರು.

ನಗಬೇಡಿ. (ನಕ್ಕರೂ ಬೇಜಾರಿಲ್ಲ. ನಾನೂ ಆಮೇಲೆ ನಕ್ಕೆ.) ಪ್ಲಗ್ ಹಾಕುವುದಕ್ಕೆ ಮುಂಚೆ ಕದಲಿಸಲೇಬೇಕಾಗಿತ್ತು. ಯಾಕೆ ಅಂತ ಹೇಳ್ತೀನಿ.

ಟಿ. ನರಸೀಪುರದಲ್ಲಿ ನಮ್ಮಕ್ಕ ಸರ್ವಮಂಗಳ ಇದ್ದಾಳೆ. ನಾವು ಕರೆಯುವುದು ಮಂಗಳಕ್ಕ ಅಂತ. ಭಾವನದು ಭತ್ತದ ವ್ಯಾಪಾರ. ಅವರ ದೇವರ ಮನೆಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದರು, ಒಳಗಿನ ಸಾಮಾನೆಲ್ಲ ಹಾಲಿಗೆ ಬಂದು ಕೂತಿತ್ತು. ಆಗ ಅಕ್ಕನ ಫೋನು ಬಂತು.

‘ಗೌರಿ, ನಾಳೆ ಬತ್ತೀಯಾ? ನನ್ನ ಕಂಪ್ಯೂಟರ್ ತಗೊಂಡ್ ಹೋಗ್ಬುಡು. ನಿಮ್ ಭಾವ ಗುಜರಿಗೆ ಹಾಕ್ತೀನಿ ಅಂತ ಕೂತವ್ರೆ. ಅದು ಗುಜರಿ ಗಾಡಿ ಹತ್ತೋದನ್ನ ನಾನು ನೋಡಲಾರೆ ಕಣೇ.’

‘ನನ್ನ ಕಂಪ್ಯೂಟರ್’ ಅನ್ನುವ ಮಾತು ನಮ್ಮ ಎರಡೂ ಮನೆಯಲ್ಲಿ ಹಳೇ ತಮಾಷೆ. ಮದುವೆಗೆ ಮುಂಚೆ ಅಕ್ಕ ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಳು. ರೇಡಿಯೋ ಭಾಗಗಳನ್ನು ಜೋಡಿಸುವ ಕಂಪನಿ. ಅದರ ಮಾಲೀಕರಿಗೆ ಕನ್ನಡ ಬರೆಯುವ ಕಂಪ್ಯೂಟರು ಮಾಡಬೇಕು ಅನ್ನುವ ಹುಚ್ಚು ಹಿಡಿಯಿತಂತೆ. ನಮ್ಮ ಕಡೆ ಕಂಪ್ಯೂಟರ್ ಅನ್ನುವ ಪದವೇ ಯಾರ ಬಾಯಲ್ಲೂ ಇಲ್ಲದ ಕಾಲ. ಮೂರೋ ನಾಲ್ಕೋ ಮಾಡಿ ನೋಡಿದರು. ಅಷ್ಟರಲ್ಲಿ ಕಂಪನಿಯೇ ಮುಚ್ಚಿತು. ಮಾಲೀಕರು ಅಕ್ಕನ ಮದುವೆಗೆ ಬಂದು, ಅದರಲ್ಲಿ ಒಂದನ್ನು ಉಡುಗೊರೆ ಕೊಟ್ಟು ಊಟ ಮಾಡಿಕೊಂಡು ಹೋದರು.

ಎಲ್ಲರೂ ಸ್ಟೀಲ್ ಬಿಂದಿಗೆ, ಗೋಡೆ ಗಡಿಯಾರ ಕೊಡುತ್ತಿದ್ದ ಕಾಲ! ಮೈಕಿನಲ್ಲಿ ಮುಯ್ಯಿ ಓದುತ್ತಿದ್ದವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ‘ಟೀವಿ ಥರದ್ದು ಒಂದು’ ಅಂತ ಕೂಗಿದರು.

ಇಂಥದ್ದಕ್ಕೆ ಪ್ರೊಟೊಟೈಪ್ ಅನ್ನುತ್ತಾರಂತೆ. ಅಕ್ಕ ಹೇಳಿಕೊಟ್ಟ ಪದ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಹಬ್ಬಕ್ಕೆ ಕಜ್ಜಾಯ ಬೇಯಿಸುವಾಗ ಮೊದಲು ಒಂದೇ ಒಂದು ಹಾಕಿ ನೋಡ್ತೀವಲ್ಲ, ಪಾಕ ಸರಿ ಇದೆಯಾ, ಎಣ್ಣೆ ಕಾದಿದೆಯಾ ಅಂತ? ಅದು. ಈ ಕಂಪನಿಯದ್ದು ಮೊದಲ ಕಜ್ಜಾಯದಲ್ಲೇ ಒಲೆ ಆರಿಹೋಯಿತು, ಅಷ್ಟೇ.

‘ಅದರೊಳಗಿರೋ ಅಕ್ಷರ ಎಲ್ಲ ನಾನೇ ಮಾಡಿದ್ದು’ ಅಂತ ಅಕ್ಕ ಮೊದಮೊದಲು ಹೇಳುತ್ತಿದ್ದಳು. ಕಂಪ್ಯೂಟರಿಗೆ ‘ಅ’ ಅಂದರೆ ಏನಂತ ಗೊತ್ತಾಗುವುದಿಲ್ಲವಂತೆ. ಯಾವ ಚುಕ್ಕಿ ಬೆಳಗಬೇಕು, ಯಾವುದು ಬೆಳಗಬಾರದು ಅಂತ ಒಂದೊಂದಾಗಿ ಹೇಳಿಕೊಡಬೇಕಂತೆ. ಚೌಕುಳಿ ಹಾಳೆಯ ಮೇಲೆ ಚುಕ್ಕಿ ತುಂಬುವ ಆ ಕೆಲಸ ಅಕ್ಕನ ಪಾಲಿಗೆ ಬಂದಿತ್ತು.

ಭಾವ ಬಿಡಬೇಕಲ್ಲ? ‘ಇವಳು ಕಂಪ್ಯೂಟರ್ ಮಾಡಿದ್ಲಂತೆ ಕಣಮ್ಮ! ಕಂಪನೀಲಿ ಕಾಫಿ ಮಾಡಿದ್ಲೇನೋ, ಯಾರ್ ಕಂಡೋರು?’ ಎಲ್ಲರೂ ನಗೋದು. ಅಕ್ಕನೂ ನಗೋಳು. ಬರಬರುತ್ತಾ ಅವಳು ಆ ಮಾತು ಎತ್ತುವುದನ್ನೇ ಬಿಟ್ಟಳು.

ಒಂದು ಸಲ ಸ್ವಿಚ್ ಹಾಕಿ ತೋರಿಸಿದ್ದರೆ ಮುಗಿಯುತ್ತಿತ್ತಲ್ಲ ಅಂತೀರಾ? ಅಲ್ಲೇ ಇರೋದು ಕತೆ.

ಮದುವೆಯಾದ ವರ್ಷದ ಆಯುಧಪೂಜೆಗೆ ಅಕ್ಕನ ಅತ್ತೆ ಮಚ್ಚು, ಕುಡುಗೋಲು, ತಕ್ಕಡಿಗಳ ಜೊತೆ ಈ ಕಂಪ್ಯೂಟರನ್ನೂ ತಂದು ದೇವರ ಮುಂದೆ ಕೂರಿಸಿದರು. ಅಕ್ಷರ ಇದೆ ಅಂದಮೇಲೆ ಸರಸ್ವತಿ ತಾನೇ? ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ಒಂದೊಂದು ಗುಂಡಿಗೂ ಕುಂಕುಮ. ಮಾರನೇ ದಿನ ಪೂಜೆ ಮುಗಿಯಿತು ಅಂತ ಹೇಳಿ ಎಲ್ಲವನ್ನೂ ಒಂದಿಷ್ಟು ಸರಿಸಬೇಕು. ಅದನ್ನೇ ನಾವು ಕದಲಿಸುವುದು ಅನ್ನುವುದು. ಆದರೆ ಅತ್ತೆ ಅವತ್ತೇ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡು ಮೈಸೂರಿನ ಆಸ್ಪತ್ರೆ ಸೇರಿದರು. ತಕ್ಕಡಿ ಅಂಗಡಿಗೆ ಹೋಯಿತು, ಕುಡುಗೋಲು ಗದ್ದೆಗೆ ಹೋಯಿತು. ಕಂಪ್ಯೂಟರನ್ನು ಕೇಳುವವರಿಲ್ಲ.

ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಅತ್ತೆ ನೋಡಿದರು. ‘ಕದಲಿಸ್ನಿಲ್ವಾ? ಹೊತ್ತು ಮೀರೋಯ್ತು. ಇರ್ಲಿ ಬುಡು, ಬರೋ ವರ್ಷ ಕದಲಿಸುವ. ಅಲ್ಲೀಗಂಟ ಯಾರೂ ಮುಟ್ಟಬೇಡಿ’ ಅಂದರು.

ಬರುವ ವರ್ಷ ಬಂತು. ಅಷ್ಟರಲ್ಲಿ ಅದರ ತಲೆ ಮೇಲೆ ಊದುಬತ್ತಿ ಸ್ಟ್ಯಾಂಡು, ಗಂಟೆ, ಕರ್ಪೂರದ ಡಬ್ಬಿ ಎಲ್ಲ ಸಂಸಾರ ಹೂಡಿದ್ದವು. ಯಾರು ಎಬ್ಬಿಸುತ್ತಾರೆ? ಅತ್ತೆ ಶಿವನ ಪಾದ ಸೇರಿ ಎಷ್ಟೋ ವರ್ಷ ಆಯಿತು. ಆಮೇಲೂ ಅಕ್ಕ ಮುಟ್ಟಲಿಲ್ಲ. ‘ಹಿರಿಯರು ಕೂರಿಸಿದ್ದು. ನಾನು ಸ್ವಿಚ್ ಹಾಕಿ, ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?’ ದಿನಾ ಹೂ ಮಾತ್ರ ಇಡುತ್ತಿದ್ದಳು.

ನಾನೂ ದೇವರು ದಿಂಡರು ಅನ್ನುವವಳೇ. ನನಗೆ ಆ ಭಯ ಅರ್ಥವಾಗುತ್ತೆ. ಫ್ರಿಜ್ ತಂದ ದಿನ ಅದಕ್ಕೆ ಕಟ್ಟಿದ ತೋರಣದ ದಾರ ಇನ್ನೂ ನಮ್ಮ ಮನೆಯಲ್ಲಿ ಹಾಗೇ ಇದೆ!

ಮಾರನೇ ದಿನ ಯಜಮಾನರ ಕಾರಿನಲ್ಲಿ ಹೋದೆ. ಭಾವ, ‘ತಗೊಂಡೋಗು ತಾಯಿ, ಗುಜರಿಯೋನು ಮೂಟೆ ಕಟ್ಟೋಕೂ ಒಪ್ಪಲ್ಲ’ ಅಂದರು. ಡಬ್ಬ ಕಾರಿಗೆ ಏರಿಸಿದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

‘ಗೌರಿ, ಒಂದ್ ಮಾತು. ಅದನ್ನ ಒಂದ್ಸಲ ಹಾಕಿ ನೋಡೇ. ಅಕ್ಷರ ನಾನೇ ಮಾಡಿದ್ದೋ, ಮಾಡಿದ್ದೆ ಅಂತ ಅಂದ್ಕೊಂಡಿದ್ದೀನೋ, ಈಗ ನನಗೇ ಗೊತ್ತಾಗ್ತಿಲ್ಲ ಕಣೇ.’

ಎಲ್ಲರೂ ನಗುವಾಗ ನಾನೂ ನಕ್ಕಿದ್ದೆನಲ್ಲ? ಡಿಕ್ಕಿಯಲ್ಲಿ ಇಟ್ಟಿದ್ದ ಡಬ್ಬವನ್ನು ಮತ್ತೆ ಹೊರಗೆ ತೆಗೆದೆ.

ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಟುಕೊಂಡು ಬಂದೆ, ಬಾಣಂತನ ಮುಗಿಸಿ ಮಗು ಕರೆದುಕೊಂಡು ಬರುವ ಹಾಗೆ. ಹಂಪು ಬಂದಾಗಲೆಲ್ಲ ‘ನಂಜುಂಡಪ್ಪಾ’ ಅಂದೆ. ಕಪಿಲಾ ಸೇತುವೆ ದಾಟಿದ ಮೇಲೆ ಉಸಿರು ಬಿಟ್ಟೆ. ಗಾಜು ಒಡೆಯಲಿಲ್ಲ. ಅದೊಂದು ದಯೆ.

ಕದಲಿಸುವ ವಿಚಾರ ಪೂಜೆಗೆ ಬರುವ ನಮ್ಮ ಅಯ್ನೋರನ್ನು ಕೇಳಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಜೋರಾಗಿ ನಕ್ಕು, ‘ನಾಳೆ ಸೋಮವಾರ, ನಾಳೇನೇ ಕದಲಿಸಿ ತಾಯಿ. ಇಷ್ಟು ವರ್ಷ ಕೂತು ಕೂತು ಸರಸ್ವತಿಗೂ ಕಾಲು ಜೋಮು ಹಿಡಿದಿರುತ್ತೆ’ ಅಂದರು. ಹಾಗಾಗಿ ಮಂಗಳಾರತಿ.

ಪ್ಲಗ್ ಮಾತ್ರ ನಾನು ಹಾಕಲಿಲ್ಲ. ನಮ್ಮ ಬೀದಿಯಲ್ಲಿ ಟೀವಿ ರಿಪೇರಿ ಬಸವರಾಜು ಇದ್ದಾರೆ. ಈಗ ಅವರ ಅಂಗಡಿ ತುಂಬ ಮಿಕ್ಸಿಗಳೇ. ನಮ್ಮ ಮನೆಗೇ ಬಂದು ಹಿಂದಿನ ಮುಚ್ಚಳ ಬಿಚ್ಚಿ ಅವರು, ‘ಅಕ್ಕಾವ್ರೇ, ಇದು ಫ್ಯಾಕ್ಟರೀದಲ್ಲ, ಕೈಯಲ್ಲಿ ಹೊಲಿದಿರೋದು’ ಅಂದರು. ನಿಜ. ಒಳಗೆ ಬಣ್ಣಬಣ್ಣದ ಸಣ್ಣ ವೈರುಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಕಸೂತಿಯ ಹಿಂಬದಿ ಇದ್ದ ಹಾಗೆ. ಕಂಪನಿ ಹೆಸರಿಲ್ಲ, ನಂಬರಿಲ್ಲ. ಗುಂಡಿಗಳ ಮೇಲೆ ಅಕ್ಷರ ಅಚ್ಚು ಹಾಕಿರಲಿಲ್ಲ, ಬರೆದು ಅಂಟಿಸಿದ್ದರು.

ಕರೆಂಟ್ ಕೊಡುವ ಭಾಗದಲ್ಲಿ ಹಳತಾಗಿದ್ದನ್ನೆಲ್ಲ ಬದಲಾಯಿಸಿ, ‘ಇವತ್ತು ಹಾಕಿ ನೋಡಬಹುದು’ ಅಂತ ಅವರು ಹೇಳಿದ ದಿನ ನಾನು ಅಕ್ಕನನ್ನು ಕರೆಸಿದೆ. ಬಸ್ಸಿನಲ್ಲಿ ಬಂದಳು. ಹೊಸ ಸೀರೆ ಉಟ್ಟಿದ್ದಳು. (ಹೆಣ್ಣು ನೋಡುವ ಶಾಸ್ತ್ರಕ್ಕೂ ಅಷ್ಟು ಬೆವರಿರಲಿಲ್ಲ ಅವಳು.)

ಬಸವರಾಜು ಸ್ವಿಚ್ ಹಾಕಿದರು. ಏನೂ ಇಲ್ಲ. ಕಪ್ಪು ಗಾಜು.

ಅಕ್ಕ ನನ್ನ ಕೈ ಹಿಡಿದಳು.

ನಿಧಾನಕ್ಕೆ ಹಸಿರು ಬೆಳಕು ಬಂತು. ಆಮೇಲೆ ಯಾರೂ ಏನೂ ಮುಟ್ಟದೆ, ತನ್ನಷ್ಟಕ್ಕೆ ತಾನೇ, ಗಾಜಿನ ತುಂಬ ಅಕ್ಷರ ಮೂಡತೊಡಗಿತು.

ಓ ಓ ಓ ಓ ಓ ಓ ಓ.

ಸಾಲು ಮುಗಿದು ಮತ್ತೊಂದು ಸಾಲು. ಮತ್ತೆ ಓ ಓ ಓ. ನನಗೆ ಮೈ ಜುಮ್ಮೆಂದಿತು! ಮನೆಯೊಳಗೆ ಹಾಕುವ ಚಪ್ಪಲಿ ಬಿಟ್ಟು ಕೈ ಮುಗಿದೆ. ಬಸವರಾಜು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೈ ಮುಗಿದರು. ಯಾಕೆ ಸುಳ್ಳು ಹೇಳಲಿ, ನಮ್ಮ ಯಜಮಾನರ ಕೈಯೂ ಎದೆಯವರೆಗೆ ಬಂದಿತ್ತು.

ಅಕ್ಕ ಮಾತ್ರ ಬಗ್ಗಿ ಕೀಬೋರ್ಡು ನೋಡಿದಳು. ಆಮೇಲೆ ಸೀರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲಿಕ್ಕೆ ಶುರು ಮಾಡಿದಳು.

‘ಅಯ್ಯೋ, ದೇವರಲ್ಲ ಕಣೇ! ನಮ್ಮತ್ತೆ! ಓಂಕಾರ ಅಂತ ಈ ಗುಂಡಿಗೆ ಮಾತ್ರ ತುಪ್ಪದಲ್ಲಿ ಕಲಸಿದ ಕುಂಕುಮ ಇಡೋರು, ದೊಡ್ಡದಾಗಿ. ಅದು ಗಟ್ಟಿಯಾಗಿ, ಗುಂಡಿ ಒಳಗೇ ಕಚ್ಕೊಂಡು ಕೂತದೆ!’

ಹೌದು. ವರ್ಷ ವರ್ಷದ ಕುಂಕುಮ ಪದರ ಪದರವಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆವು. (ಪುಡಿಯನ್ನು ಕಸಕ್ಕೆ ಹಾಕಲಿಲ್ಲ, ತುಳಸಿ ಬುಡಕ್ಕೆ ಹಾಕಿದೆ.) ಗುಂಡಿ ಟಕ್ ಅಂತ ಮೇಲೆ ಬಂತು. ಓಂಕಾರ ನಿಂತಿತು.

‘ಈಗ ಬರಿ’ ಅಂದೆ. ಅಕ್ಕ ಬೆರಳು ಚಾಚಿ ಹಿಂದಕ್ಕೆ ತೆಗೆದಳು. ಮತ್ತೆ ಚಾಚಿದಳು. ಒಂದೊಂದೇ ಗುಂಡಿ ಹುಡುಕಿ ಹುಡುಕಿ ಒತ್ತಿದಳು.

ಮಂಗಳ.

ಹಸಿರು ಚುಕ್ಕಿಗಳಲ್ಲಿ, ದುಂಡು ದುಂಡಾಗಿ. ಅಕ್ಕ ‘ಳ’ದ ಮೇಲೆ ಬೆರಳಿಟ್ಟಳು. ‘ನೋಡೇ, ಇದರ ಬಾಲ ನೋಡು. ಉದ್ದ ಆಯ್ತು, ಪಕ್ಕದ ಅಕ್ಷರಕ್ಕೆ ತಗುಲುತ್ತೆ, ಒಂದ್ ಚುಕ್ಕಿ ತೆಗಿಯಮ್ಮ ಅಂತ ನಮ್ ಓನರ್ ಸಾರು ಹೇಳಿದ್ರು. ನಾನು ಆಗಲ್ಲ ಸಾ, ಬಾಲ ಇಲ್ದಿದ್ರೆ ಚೆನ್ನಾಗಿರಲ್ಲ ಅಂದೆ. ಬಿಟ್ಬುಟ್ರು.’ ಆ ಬಾಲದ ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದಳು. ‘ನಾನೇ ಕಣೇ ಗೌರಿ. ನಾನೇ ಮಾಡಿದ್ದು.’

ಯಜಮಾನರು ಕನ್ನಡಕ ಒರೆಸಿಕೊಂಡರು. ಧೂಳಂತೆ.

ಆಮೇಲೆ ನನ್ನ ಸರದಿ. ಮೊದಲು ‘ಶ್ರೀ’ ಬರೆಯಬೇಕಿತ್ತು, ಈಗಲಾದರೂ ಬರಿ ಅಂದೆ. ಒತ್ತಿದಳು. ಶ ಒಂದು ಕಡೆ, ರ ಒಂದು ಕಡೆ, ಈ ಇನ್ನೊಂದು ಕಡೆ, ಆಸ್ತಿ ಭಾಗ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ದೂರ ದೂರ ನಿಂತವು! ಇಷ್ಟು ವರ್ಷ ಹೂವು, ಕುಂಕುಮ, ಊದುಬತ್ತಿ ಎಲ್ಲ ಹಾಕಿಸಿಕೊಂಡದ್ದಕ್ಕೆ ಒಂದು ಶ್ರೀ ಬರೆಯಲು ಬರುವುದಿಲ್ಲವೇ?

‘ಬೈಬೇಡ ಕಣೇ. ಒತ್ತಕ್ಷರಕ್ಕೆ ಕೈ ಹಾಕೋ ಅಷ್ಟರಲ್ಲಿ ಕಂಪನಿ ಮುಚ್ತು, ನನ್ನ ಮದುವೆ ಆಯ್ತು’ ಅಂದಳು ಅಕ್ಕ. ಆಮೇಲೆ ತನಗೆ ತಾನೇ ಅನ್ನುವ ಹಾಗೆ, ‘ಚುಕ್ಕಿ ಇಡೋಕೆ ಒಂದು ದಾರಿ ಇತ್ತಲ್ಲ ಇದರಲ್ಲಿ’ ಅಂದಳು.

ಸಂಜೆ ಬಸ್ಸಿಗೆ ಹೋಗಬೇಕಾಗಿದ್ದವಳು ಹೋಗಲಿಲ್ಲ. ಎರಡು ಗುಂಡಿ ಒಟ್ಟಿಗೆ ಒತ್ತಿ ನೋಡಿದಳು, ಮೂರು ಒತ್ತಿ ನೋಡಿದಳು. ಮಾರನೇ ಬೆಳಿಗ್ಗೆ ನಾನು ಇಡ್ಲಿಗೆ ಇಡುವಾಗ ‘ಸಿಕ್ತೂ!’ ಅಂತ ಕೂಗಿದಳು. ಗಾಜಿನ ಮೇಲೆ ಚೌಕುಳಿ ಬಂದಿತ್ತು. ಅದರಲ್ಲಿ ಚುಕ್ಕಿ ತುಂಬುತ್ತಾ ತುಂಬುತ್ತಾ ಶಕಾರಕ್ಕೆ ಒತ್ತು ಕೊಟ್ಟು, ಮೇಲೊಂದು ದೀರ್ಘ ಎಳೆದು, ಒಂದೇ ಅಚ್ಚಿನ ಶ್ರೀ ನಿಲ್ಲಿಸಿದಳು.

ನಾನು ಹೂ ತರಲು ಒಳಗೆ ಹೋದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ಶ್ರೀ ಇರಲಿಲ್ಲ. ಆರಿದರೆ ಹೊಸದಾಗಿ ಮಾಡಿದ್ದೆಲ್ಲ ಮರೆತುಬಿಡುತ್ತದಂತೆ ಆ ಕಂಪ್ಯೂಟರು. ನನಗೆ ಅಳುವೇ ಬಂತು. ಅಕ್ಕನಿಗೆ ಏನೂ ಅನ್ನಿಸಲಿಲ್ಲ. ‘ಅದಕ್ಕೇನಂತೆ? ಬಾಗಿಲ ಮುಂದೆ ರಂಗೋಲಿ ದಿನಾ ಹೊಸದಾಗಿ ಹಾಕಲ್ವೇನೇ ನೀನು?’ ಅಂತ ಮತ್ತೆ ಮೊದಲ ಚುಕ್ಕಿಯಿಂದ ಶುರು ಮಾಡಿದಳು.

‘ಮಂಗಳ’ದ ಫೋಟೋ ಭಾವನ ಮೊಬೈಲಿಗೆ ಕಳಿಸಿದ್ದೆ. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಅಕ್ಕನಿಗೇ ಫೋನು ಬಂತು. ಅವಳ ಎರಡೂ ಕೈ ಕೀಬೋರ್ಡಿನ ಮೇಲಿದ್ದವು, ಅದಕ್ಕೆ ನಾನು ಸ್ಪೀಕರ್ ಹಾಕಿದೆ.

‘ಲೇ ಮಂಗಳಾ, ದಿಟವಾಗ್ಲೂ ನೀನೇ ಮಾಡಿದ್ದಾ ಅದು?’ ಭಾವನ ದನಿ ಎಂದಿನ ಹಾಗಿರಲಿಲ್ಲ. ‘ಸದ್ಯ, ಗುಜರಿಗೆ ಆಕ್ನಿಲ್ಲ ಕಣೇ.’ ಆಮೇಲೆ, ‘ಅಲ್ಲಾ, ಆಲಿಗೆ ಎಪ್ಪು ಆಕೋಕೆ ಮಜ್ಗೆ ಎಲ್ಲಿಕ್ಕಿದ್ದೀಯೇ? ಯಾವಾಗ ಬತ್ತೀಯ?’

ಅಕ್ಕ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ‘ಕೆಲಸದಲ್ಲಿದ್ದೀನಿ ಕಣ್ರೀ. ಆಮೇಲ್ ಮಾಡಿ’ ಅಂದಳು. ನನಗೆ ಕಟ್ ಮಾಡು ಅಂತ ಸನ್ನೆ ಮಾಡಿದಳು.

ಕೋಳಿ ಕೂಗುವ ಮುಂಚೆ ಎದ್ದು ಎಲ್ಲರೂ ಮಲಗುವವರೆಗೂ ಕೈ ಆಡಿಸುತ್ತಲೇ ಇರುವ ನಾವು ಹೆಂಗಸರು, ಆಣೆ ಮಾಡಿ ಹೇಳಿ, ‘ಕೆಲಸದಲ್ಲಿದ್ದೀನಿ’ ಅಂದು ಒಂದೇ ಒಂದು ಸಲವಾದರೂ ಫೋನ್ ಇಟ್ಟಿದ್ದೀವಾ?